ಜಿಗಣೆಯ ಉಪವಾಸ

ಮೇದಾರ ತಿಪ್ಪವ್ವನ ಬಲಗೈಗೆ ಬಿದಿರಿನ ಸಿಬಿರು ಹೊಕ್ಕಿದೆ, ಅಂಗೈ ಊದಿದೆ, ಬೆರಳು ಕಪ್ಪಿಡುತ್ತಿವೆ ಎಂಬ ಸುದ್ದಿ ಹೊಳೆಯ ಕೆಳಗಿನ ಊರಿಂದ ಬಂದಾಗ ವೈದ್ಯ ಚೆನ್ನವೀರಜ್ಜ ತಮ್ಮ ಆಶ್ರಮದಲ್ಲಿ ಊಟಕ್ಕೆ ಕೂತಿದ್ದರು. ಅರ್ಧ ರೊಟ್ಟಿ ಹಾಗೇ ಬಿಟ್ಟು ಎದ್ದರು.

"ಫಕೀರಪ್ಪಾ, ಮಡಕಿ ತಗೋ."

ಮಡಕೆಯೆಂದರೆ ಜಿಗಣೆಯ ಮಡಕೆ. ಆ ಆಶ್ರಮದಲ್ಲಿ ಅದಕ್ಕಿದ್ದ ಮರ್ಯಾದೆ ಬಂದ ಗೌಡರಿಗೂ ಇರಲಿಲ್ಲ. ಕೆಟ್ಟ ರಕ್ತ ನಿಂತು ಊದಿದ ಕಡೆ ಅಜ್ಜ ಜಿಗಣೆ ಹಿಡಿಸುತ್ತಿದ್ದರು. ಅವು ಹೀರಿ ಹೀರಿ ಉದುರಿದ ಮೇಲೆ ಊತ ಇಳಿಯುತ್ತಿತ್ತು, ಸತ್ತಂತಿದ್ದ ಚರ್ಮಕ್ಕೆ ಬಣ್ಣ ಬರುತ್ತಿತ್ತು. ಎಷ್ಟೋ ಮಂದಿಯ ಕೈಕಾಲು ಉಳಿದದ್ದು ಹಾಗೆ.

ಮಡಕೆ ನೋಡಿಕೊಳ್ಳುವ ಕೆಲಸ ಶಿಷ್ಯ ಫಕೀರಪ್ಪನದು. ಮೈಯಲ್ಲಿ ಕಸುವು, ಮನಸ್ಸು ಮಾತ್ರ ಬೆಣ್ಣೆ. ಇರುವೆ ಸಾಲು ಕಂಡರೆ ಸುತ್ತಿಬಳಸಿ ಹೋಗುವ ಆಸಾಮಿ. ಎಂಥಾ ಕರುಣೆಯಪ್ಪಾ ಎಂದು ಜನ ಹೊಗಳುತ್ತಿದ್ದರು. ಅವನಿಗೂ ಅದು ಹಿತವಾಗಿತ್ತು. ಇರದೇ ಏನು, ಹೊಗಳಿಕೆ ಯಾರಿಗೆ ಕಹಿ?

ದಂಡೆಯ ದಾರಿ ಬಲು ಸುತ್ತು, ಮೇಲೆ ಬೇಸಿಗೆಯ ಬಿಸಿಲು. ಗಾಡಿಯಲ್ಲಿ ಕುಲುಕಾಡಿದರೆ ಜಿಗಣೆ ಉಳಿಯುವುದಿಲ್ಲ. ಹಾಗಾಗಿ ಅಂಬಿಗರ ದ್ಯಾಮಣ್ಣನ ಹರಿಗೋಲು ಹತ್ತಿದರು. ದ್ಯಾಮಣ್ಣ ಅಜ್ಜನಿಂದ ಎಂದೂ ಕಾಸು ಮುಟ್ಟಿದವನಲ್ಲ. ದಿನಾ ಸಂಜೆ ಗಾಳಕ್ಕೆ ಒಂದು ಜಿಗಣೆ, ಅದೇ ಅವನ ಬಾಡಿಗೆ. ಅವನಪ್ಪನ ಕಾಲದಿಂದ ನಡೆದುಬಂದ ಕರಾರು ಅದು.

ಹರಿಗೋಲು ನಡುನೀರಿಗೆ ಬಂತು. ಅಜ್ಜ ಹೇಳಿದರು:

"ಮಡಕಿ ಬಾಯಿಗೆ ಹಸೀ ಅರಿವಿ ಕಟ್ಟು. ಬಿಸಲ ತಾಗಬಾರದು. ನೀರ ಬದಲಿಸಬೇಕಾದ್ರ ದಂಡಿ ನೀರ ಬ್ಯಾಡ, ಅದು ಕಾದಿರತೈತಿ. ನಡುಹೊಳಿ ನೀರ ಹಾಕು."

"ಹೂಂನ್ರಿ ಅಜ್ಜಾ."

"ರೊಟ್ಟಿ ತಿಂದ ಕೈ ಒಳಗ ಅದ್ದಬ್ಯಾಡ. ಉಪ್ಪು ಖಾರ ಅವಕ್ಕ ಬೆಂಕಿ ಇದ್ದಂಗ. ಸತ್ತದ್ದು ಕಂಡ್ರ ಆಗಿಂದಾಗ ತಗದ ಒಗಿ, ಇಲ್ಲಾಂದ್ರ ನೀರ ಕೆಟ್ಟು ಉಳಿದಾವೂ ಸಾಯತಾವ."

"ಉಣಾಕ ಏನ ಹಾಕಲಿರಿ?"

"ಏನೂ ಹಾಕಬ್ಯಾಡ."

"ಪಾಪ, ಹಸೀತಾವಲ್ರಿ."

"ಹಸೀಲಿ," ಎಂದು ಅಜ್ಜ ಕಣ್ಣು ಮುಚ್ಚಿದರು.

ಫಕೀರಪ್ಪನಿಗೆ ಆ ಮಾತು ರುಚಿಸಲಿಲ್ಲ. ವಯಸ್ಸಾದಂತೆ ಮನಸ್ಸು ಕಲ್ಲಾಗುತ್ತದೇನೋ ಎಂದುಕೊಂಡ.

ಆ ಸಂಜೆ ಉಸುಕಿನ ದಿಬ್ಬದ ಮೇಲೆ ಬೀಡುಬಿಟ್ಟರು. ದ್ಯಾಮಣ್ಣ ತನ್ನ ಬಾಡಿಗೆ ಕೇಳಿದ. ಅಜ್ಜ ಮಡಕೆಯಿಂದ ಒಂದನ್ನು ತೆಗೆದುಕೊಟ್ಟರು. ಗಾಳಕ್ಕೆ ಚುಚ್ಚಿದರೂ ಅದು ನೀರಲ್ಲಿ ಬಳುಕಿ ಬಳುಕಿ ಈಜಿತು. ಸ್ವಲ್ಪ ಹೊತ್ತಿಗೇ ಮೊಳದುದ್ದದ ಬಾಳೆಮೀನು ಬಿತ್ತು. ದ್ಯಾಮಣ್ಣ ಹಲ್ಲು ಕಿರಿದ.

ಫಕೀರಪ್ಪ ಮುಖ ಆ ಕಡೆ ತಿರುಗಿಸಿದ. "ಅಜ್ಜಾ, ನಾವು ಜೀವ ಉಳಸವರು. ಕೊಲ್ಲಾಕ ಕೊಟ್ರಲ್ರಿ?"

"ದ್ಯಾಮಣ್ಣನ ಮನ್ಯಾಗೂ ಒಲಿ ಐತಿ," ಎಂದರು ಅಜ್ಜ.

ಇದು ಉತ್ತರವೇ? ಫಕೀರಪ್ಪ ಮಡಕೆಯನ್ನು ಎದೆಗವಚಿಕೊಂಡು ಮಲಗಿದ.

ಮರುದಿನ ಗಾಳಿಯೇ ಇರಲಿಲ್ಲ. ನಡುಮಧ್ಯಾಹ್ನದ ಸೆಕೆಗೆ ಹುಟ್ಟು ಹಾಕಲಾಗದೆ ದಂಡೆಯ ಜಾಲಿಮರದ ಕೆಳಗೆ ತಂಗಿದರು. ಅಜ್ಜನಿಗೆ ಜೊಂಪು ಹತ್ತಿತು. ದ್ಯಾಮಣ್ಣ ಅಷ್ಟು ದೂರ ಹರಿಗೋಲು ಬೋರಲು ಹಾಕಿಕೊಂಡು ತೂತಿಗೆ ರಾಳ ಬಳಿಯುತ್ತಿದ್ದ.

ಫಕೀರಪ್ಪ ಅರಿವೆ ಸರಿಸಿ ನೋಡಿದ. ಜಿಗಣೆಗಳೆಲ್ಲ ತಳದ ಕೆಸರಿನ ಮೇಲೆ ಸೊರಗಿದ ದಾರದಂತೆ ಬಿದ್ದಿದ್ದವು. ನೀರು ಬದಲಿಸಿದ. ಒಂದೆರಡು ಮಿಸುಕಿ ಮತ್ತೆ ಸುಮ್ಮನಾದವು.

"ಅಯ್ಯ ನನ್ನ ಕೂಸುಗಳ್ರಾ," ಎಂದ. "ಹಿಂಗ ಸತ್ತರ ತಿಪ್ಪವ್ವಗ ಏನಂತ ಮಾರಿ ತೋರಸಲಿ?"

ಅಜ್ಜನನ್ನು ಎಬ್ಬಿಸಿ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬೇಡವೆನ್ನುತ್ತಾರೆ ಎಂದು ಗೊತ್ತಿದ್ದದ್ದಕ್ಕೇ ಕೇಳಲಿಲ್ಲ. ಅಲ್ಲೇ ಎಡವಿದ್ದು ನೋಡಿ.

ತೋಳು ತೊಳೆದುಕೊಂಡು ಮಡಕೆಯೊಳಗೆ ಇಳಿಬಿಟ್ಟ.

ಜಿಗಣೆಗೆ ಎಚ್ಚರವಾಗಲು ಎಷ್ಟು ಹೊತ್ತು? ಒಂದು ಕಚ್ಚಿತು, ಮತ್ತೊಂದು ಕಚ್ಚಿತು, ಮೊಣಕೈತನಕ ತೋರಣ ಕಟ್ಟಿದವು. ಫಕೀರಪ್ಪ ಹಲ್ಲು ಕಚ್ಚಿ ಕೂತ. ನೋವಿಗಿಂತ ಹೆಚ್ಚಾಗಿ ಅವನಿಗೆ ಸಂತೋಷವಾಗುತ್ತಿತ್ತು. ಹಸಿದ ಜೀವಕ್ಕೆ ಮೈಯ ರಕ್ತ ಕೊಡುವವರು ಈ ಕಾಲದಲ್ಲಿ ಎಷ್ಟು ಮಂದಿ ಇದ್ದಾರೆ ಎಂದುಕೊಂಡ. ಕಣ್ಣಲ್ಲಿ ನೀರೂ ಬಂತು.

ಒಂದೊಂದಾಗಿ ಅವು ಕಳಚಿ ಬಿದ್ದವು. ಹೆಬ್ಬೆರಳ ಗಾತ್ರ ಆಗಿದ್ದವು, ಮಿರಮಿರ ಹೊಳೆಯುತ್ತಿದ್ದವು. ಇನ್ನು ಚಿಂತೆಯಿಲ್ಲ ಎಂದು ಅವನು ತೋಳಿಗೆ ಪಂಚೆಯ ತುದಿ ಹರಿದು ಸುತ್ತಿ, ಮೇಲೆ ಶಾಲು ಹೊದ್ದ.

ಸಂಜೆ ಮತ್ತೊಂದು ದಿಬ್ಬ. ದ್ಯಾಮಣ್ಣ ಬಂದು ಕೈಚಾಚಿದ. ಅಜ್ಜ ಸಂಧ್ಯಾಪೂಜೆಯಲ್ಲಿದ್ದರು. ಫಕೀರಪ್ಪನೇ ಒಲ್ಲದ ಮನಸ್ಸಿನಿಂದ ಒಂದನ್ನು ತೆಗೆದುಕೊಟ್ಟ.

ಗಾಳ ನೀರಿಗೆ ಬಿತ್ತು. ಕಾದ, ಕಾದ, ಒಂದು ಮೀನೂ ಮೂಸಲಿಲ್ಲ. ದ್ಯಾಮಣ್ಣ ದಾರ ಎಳೆದು ನೋಡಿದ.

"ಏನಪ್ಪಾ ಇದು, ಬೀಗರೂಟ ಉಂಡ ಅಳಿಯ ಮಲಗಿದಂಗ ಮಲಗೈತಿ! ಒಂದಿಷ್ಟರೆ ಮಿಸುಕ್ಯಾಡವಲ್ದು. ಹೊಟ್ಟಿ ತುಂಬಿದ ಜಿಗಣಿ ತಗೊಂಡು ನಾ ಏನ ಮಾಡಲಿ? ಇದಕ್ಕೇನ ತಿನಿಸೀಯೋ ಮಾರಾಯಾ?"

ಪೂಜೆಯಲ್ಲಿದ್ದ ಅಜ್ಜ ತಿರುಗಿ ನೋಡಿದರು. ಎದ್ದು ಬಂದು ಮಡಕೆಯ ಅರಿವೆ ಬಿಚ್ಚಿದರು. ಬಗ್ಗಿ, ಉಬ್ಬಿದ ಜಿಗಣೆಗಳನ್ನು ನೋಡಿದರು.

"ಶಾಲು ತಗಿ," ಎಂದರು.

ಫಕೀರಪ್ಪ ತೆಗೆದ. ಸುತ್ತಿದ ಬಟ್ಟೆಯೆಲ್ಲ ಕೆಂಪಾಗಿತ್ತು. ಜಿಗಣೆ ಕಚ್ಚಿದ ಗಾಯ ಬೇಗ ಕಟ್ಟುವುದಿಲ್ಲ.

"ಸೊರಗಿದ್ವುರಿ ಅಜ್ಜಾ. ಸಾಯತಾವ ಅಂತ ಹೆದರಿಕಿ ಆತು. ಅದಕ್ಕ ನನ್ನ ರಕ್ತಾನ ಕೊಟ್ಟೆ."

ಅಜ್ಜ ಬೈಯಲಿಲ್ಲ. ಅರಿಸಿನ ತಂದು ಅವನ ತೋಳಿಗೆ ಒತ್ತಿ, ಹೊಸ ಬಟ್ಟೆ ಕಟ್ಟಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಫಕೀರಪ್ಪನಿಗೆ.

"ಉಂಡ ಜಿಗಣಿ ತಿಂಗಳಗಟ್ಟಲೆ ಕಚ್ಚೂದಿಲ್ಲಪಾ," ಎಂದರು ಕೊನೆಗೆ. "ಬಿಸಲಿಗೆ ಅವು ಹಂಗ ಮಲಗತಾವ. ಸತ್ತಿರಲಿಲ್ಲ."

ಫಕೀರಪ್ಪ ಮಡಕೆಯೊಳಗೆ ಮತ್ತೆ ಬಗ್ಗಿ ನೋಡಿದ.

ದ್ಯಾಮಣ್ಣ ಹಣೆ ಬಡಿದುಕೊಂಡ. "ಕೆಟ್ಟ ಮ್ಯಾಲೆ ಬುದ್ಧಿ ಬಂತು, ಅಟ್ಟ ಮ್ಯಾಲೆ ಒಲಿ ಉರೀತು. ಈಗ ಹಿಂದಕ್ಕ ಹೋಗಿ ಬ್ಯಾರೆ ತರೂಣು ಅಂದ್ರ, ಅಷ್ಟರಾಗ ಅಕಿ ಕೈ ಕೈಯಾಗಿ ಉಳದೀತನು?"

ಅಜ್ಜ ಅರಿಸಿನದ ನೀರಲ್ಲಿ ಜಿಗಣೆಗಳನ್ನು ಒಂದೊಂದಾಗಿ ಅದ್ದಿ, ಬಾಲದಿಂದ ಬಾಯಿಯ ಕಡೆಗೆ ಮೆಲ್ಲಗೆ ನೀವಿ ಕಕ್ಕಿಸಿ ನೋಡಿದರು. ಕಕ್ಕಿದವು ನಿಜ. ಆದರೆ ನಿತ್ರಾಣಗೊಂಡು ಹಲವು ಸತ್ತವು, ಉಳಿದವು ಸುತ್ತಿಕೊಂಡು ಬಿದ್ದವು. ಮಡಕೆಯ ತಳದ ಕೆಸರಲ್ಲಿ ಹುದುಗಿಕೊಂಡು ಫಕೀರಪ್ಪನ ತೋಳಿಗೆ ಬಾರದೇ ಉಳಿದವು ಎರಡು ಮಾತ್ರ. ಅವು ಇನ್ನೂ ದಾರದಂತೆ ತೆಳ್ಳಗಿದ್ದವು.

ಅವರು ಕೆಳಗಿನ ಊರು ಮುಟ್ಟಿದಾಗ ತಿಪ್ಪವ್ವ ಗುಡಿಸಲ ಬಾಗಿಲಲ್ಲೇ ಕೂತಿದ್ದಳು. ಪಕ್ಕದಲ್ಲಿ ಅರ್ಧ ಹೆಣೆದ ಮೊರ. ಗಂಡ ತೀರಿಹೋಗಿ ಕಾಲವಾಗಿತ್ತು. ನನ್ನ ಬಲಗೈನ ನನ್ನ ಗಂಡ, ದುಡದ ಹಾಕತೈತಿ, ಕುಡದ ಬಂದು ಹೊಡಿಯೂದಿಲ್ಲ ಎಂದು ಓಣಿಯವರನ್ನೆಲ್ಲ ನಗಿಸುತ್ತಿದ್ದ ಹೆಂಗಸು. ಈಗ ಆ ಕೈಯನ್ನು ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡಿದ್ದಳು.

"ಬಂದ್ರ್ಯಾ ಅಜ್ಜಾ? ಇನ್ನ ನನಗ ಹೆದರಿಕಿಲ್ಲ ಬಿಡ್ರಿ," ಎಂದಳು.

ಫಕೀರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಅಜ್ಜ ಜಿಗಣೆಗಳನ್ನು ಅವಳ ಬೆರಳ ಮೇಲೆ ಇಟ್ಟರು. ಉರುಳಿ ಬಿದ್ದವು. ಹಾಲಿನ ಹನಿ ಸವರಿ ಮತ್ತೆ ಇಟ್ಟರು, ಮತ್ತೆ ಉರುಳಿದವು. ಕೊನೆಗೆ ಆ ತೆಳ್ಳನೆಯ ಎರಡನ್ನು ಹೆಬ್ಬೆರಳ ಬುಡಕ್ಕೆ ಬಿಟ್ಟರು. ತಟಕ್ಕನೆ ಕಚ್ಚಿದವು. ಹೊತ್ತು ಇಳಿಯುವುದರೊಳಗೆ ಹೆಬ್ಬೆರಳ ಕಪ್ಪು ತಿರುಗಿ ಕೆಂಪಾಯಿತು. ಉಳಿದ ಬೆರಳುಗಳು ಹಾಗೇ ಇದ್ದವು.

ಫಕೀರಪ್ಪ ಅದನ್ನು ನೋಡಲಾರದೆ ಓಡಿದ. ಊರ ಕೆರೆಯಲ್ಲಿ ತೊಡೆಮಟ ನಿಂತರೆ ನಾಲ್ಕು ಹಸಿದ ಜಿಗಣೆಯಾದರೂ ಸಿಕ್ಕಾವು ಎಂಬ ಆಸೆ. ಕೆರೆ ಬತ್ತಿ ಬಾಯಿಬಿಟ್ಟಿತ್ತು. ನಡುವೆ ಒಂದಿಷ್ಟು ಕೆಸರು, ಅದರಲ್ಲಿ ಎಮ್ಮೆ. ಎಮ್ಮೆಗೆ ಹತ್ತಿದ್ದ ದಪ್ಪ ಜಿಗಣೆಯನ್ನೇ ಕಿತ್ತುಕೊಂಡು ಬಂದ.

"ಇದು ವಿಷದ್ದು. ಹಚ್ಚಿದ್ರ ಹೆಬ್ಬೆರಳೂ ಹೋಗತೈತಿ," ಎಂದರು ಅಜ್ಜ. ಅಷ್ಟರಲ್ಲಿ ಅವರು ಒಲೆಯ ಮುಂದೆ ಕೂತು ಚಾಕು ಕಾಯಿಸುತ್ತಿದ್ದರು.

ತಿಪ್ಪವ್ವ ಚಾಕು ನೋಡಿದಳು, ಮಡಕೆ ನೋಡಿದಳು.

"ಅಜ್ಜಾ, ಆ ಎರಡು ಕಚ್ಚಿದ್ವಲ್ರಿ. ಇವು ಯಾಕ ಕಚ್ಚಲಿಲ್ಲ?"

"ತಪ್ಪು ನಂದವ್ವಾ," ಎಂದರು ಅಜ್ಜ. "ಬ್ಯಾಡಂತ ಹೇಳಿದೆ. ಯಾಕ ಬ್ಯಾಡ ಅಂತ ಹೇಳಲಿಲ್ಲ."

ಫಕೀರಪ್ಪ ಕೆಸರುಗಾಲಲ್ಲೇ ಅವಳ ಮುಂದೆ ಕುಸಿದ. "ಅಜ್ಜಂದಲ್ಲಬೇ. ನಾನು ಮಾಡಿದ್ದು. ಹಸದಾವ ಅಂತ ನನ್ನ ರಕ್ತ ಕುಡಿಸಿದೆ."

ತಿಪ್ಪವ್ವ ಅವನನ್ನು ದಿಟ್ಟಿಸಿದಳು. ಅವಳಿಗೆ ಸಿಟ್ಟು ಬರಲಿಕ್ಕೂ ಒಂದು ಗಳಿಗೆ ಹಿಡಿಯಿತು.

"ನಿನ್ನ ರಕ್ತ ತಗೊಂಡು ನಾ ಏನ ಮಾಡಲೋ ಖೋಡಿ? ನನಗ ಅವುಗಳ ಹಸಿವು ಬೇಕಾಗಿತ್ತು."

ಆಮೇಲೆ ದ್ಯಾಮಣ್ಣ ಅವಳ ಭುಜ ಹಿಡಿದುಕೊಂಡ. ಅಜ್ಜ ಕಾದ ಚಾಕು ಎತ್ತಿಕೊಂಡರು. ನಾಲ್ಕು ಬೆರಳು ಹೋದವು, ಹೆಬ್ಬೆರಳು ಉಳಿಯಿತು. ಅವಳ ಕೂಗು ಹೊಳೆಯ ಆಚೆ ದಂಡೆಗೆ ಮುಟ್ಟಿರಬೇಕು. ಫಕೀರಪ್ಪ ಕಿವಿ ಮುಚ್ಚಿಕೊಳ್ಳಲು ಹೋದ. ನೀರು ಹಿಡಿ ಎಂದರು ಅಜ್ಜ. ತಂಬಿಗೆ ಹಿಡಿದುಕೊಂಡು ನಿಂತು ಎಲ್ಲವನ್ನೂ ಕೇಳಿದ.

ಗಾಯ ಕೀವು ಹಿಡಿಯಲಿಲ್ಲ, ಜ್ವರ ಇಳಿಯಿತು. ಜೀವಕ್ಕೆ ಅಪಾಯವಿಲ್ಲ ಎಂದು ಖಾತ್ರಿಯಾಗುವವರೆಗೆ ಅಜ್ಜ ಅಲ್ಲೇ ಇದ್ದರು. ತಿಪ್ಪವ್ವ ಮಾತು ಬಿಟ್ಟಿದ್ದಳು. ಬಾಗಿಲಲ್ಲಿ ಕೂತು ಎಡಗೈಯಿಂದ ಬಿದಿರ ಸೀಳು ಎತ್ತುತ್ತಿದ್ದಳು, ಕಾಲಬೆರಳ ಸಂದಿಗೆ ಸಿಕ್ಕಿಸುತ್ತಿದ್ದಳು. ಅದು ಜಾರಿ ಬೀಳುತ್ತಿತ್ತು. ಮತ್ತೆ ಎತ್ತುತ್ತಿದ್ದಳು.

ಫಕೀರಪ್ಪ ಅನ್ನ ನೀರು ಬಿಟ್ಟ.

"ಯಾಕ ಉಣವಲ್ಲಿ?" ಎಂದು ಕೇಳಿದರು ಅಜ್ಜ.

"ಪ್ರಾಯಶ್ಚಿತ್ತರಿ."

"ನೀ ಉಪಾಸ ಬಿದ್ರ ಅಕಿ ಮೊರ ಆಗತೈತೇನು?"

ಅವನು ತಟ್ಟೆ ಮುಂದೆ ಎಳೆದುಕೊಂಡು ಕಷ್ಟಪಟ್ಟು ನಾಲ್ಕು ತುತ್ತು ನುಂಗಿದ.

ಹೊರಡುವ ಬೆಳಗ್ಗೆ ದ್ಯಾಮಣ್ಣ ಹರಿಗೋಲನ್ನು ನೀರಿಗೆ ತಳ್ಳಿದ. ಫಕೀರಪ್ಪ ಖಾಲಿ ಮಡಕೆ ಎತ್ತಿಕೊಂಡು ಅಜ್ಜನ ಹಿಂದೆ ದಂಡೆಗೆ ಇಳಿದ. ಒಂದು ಕಾಲು ನೀರಲ್ಲಿಟ್ಟು ನಿಂತುಬಿಟ್ಟ. ತಿರುಗಿ ನೋಡಿದರೆ ಗುಡಿಸಲ ಬಾಗಿಲು ಕಾಣುತ್ತಿತ್ತು, ಬಗ್ಗಿದ ಅವಳ ತಲೆಯೂ ಕಾಣುತ್ತಿತ್ತು. ಅವನಿಗೆ ಅಳು ತಡೆಯಲಾಗಲಿಲ್ಲ.

"ಅಜ್ಜಾ, ಎಂದಾದ್ರೂ ಒಂದು ದಿನ ಅಕಿ ನನ್ನ ಕ್ಷಮಾ ಮಾಡ್ಯಾಳೇನ್ರಿ?"

ಅಜ್ಜ ಅವನ ಕೈಯಿಂದ ಮಡಕೆ ತೆಗೆದುಕೊಂಡು ಹರಿಗೋಲಿನಲ್ಲಿ ಇಟ್ಟರು. ತಾವು ಹತ್ತಿ ಕೂತರು. ಅವನಿಗೆ ಜಾಗ ಬಿಡಲಿಲ್ಲ.

"ಅದು ನಿನಗ ಬೇಕಾದದ್ದು. ಅಕಿಗೇನ ಬೇಕು, ಹೋಗಿ ಕೇಳು."