ಗೂಟ ಹೊಡೆಯುವ ಮುನ್ನ

"ಕೇಳಿರಪ್ಪೋ ಕೇಳಿ! ಹುಲ್ಲೂರು ಬಯಲಿನಲ್ಲಿ ಅರಸರು ಹೊಸ ಪಟ್ಟಣ ಕಟ್ಟಿಸುತ್ತಾರೆ. ಗೂಟ ಹೊಡೆಯುವ ಮುನ್ನ ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಅವಳೊಂದಿಗೆ ಮದುವೆ. ಬಯಲಿನ ತೀರ್ಮಾನವೂ ಅವನದೇ. ತಪ್ಪಿದರೆ ತಲೆದಂಡ!"

ಒಗಟು ರಾಜಕುಮಾರಿ ಹೊನ್ನಾಜಿಯ ಹಟ. ತಲೆದಂಡ ಅವಳಪ್ಪನ ಸೇರ್ಪಡೆ. ಯಾರೂ ಬರದಿರಲಿ ಎಂಬ ಜಾಣತನ.

ಆದರೂ ಇಬ್ಬರು ಬಂದರು. ಕುದುರೆಯೇರಿ ಬಯಲನ್ನು ಒಂದು ಸುತ್ತು ಹಾಕಿದ್ದ ಪಾಳೆಗಾರನ ಮಗ, ಕೋಟೆಯ ಮೇಲಿಂದಲೇ ಇಣುಕಿದ್ದ ಪಂಡಿತ. ಇಬ್ಬರೂ ಸೋತು, ಈಗ ಸೆರೆಯಲ್ಲಿ ಕತ್ತು ಸವರಿಕೊಳ್ಳುತ್ತಿದ್ದರು.

ಮೂರನೆಯವನು ಕುರಿ ಕಾಯುವ ಮೈಲಾರಿ. ಹೊಸ ಜಾಗದಲ್ಲಿ ಕುರಿಹಟ್ಟಿ ಹಾಕುವ ಮುನ್ನ ಒಂದಿಡೀ ಹಗಲು ಕಂಬಳಿ ಹಾಸಿ ಸುಮ್ಮನೆ ಕೂರುವುದು ಅವನ ಮನೆತನದ ಪದ್ಧತಿ. ಅಲ್ಲಿ ಮೊದಲೇ ಯಾರ ಸಂಸಾರವಿದೆಯೋ ನೋಡಿಕೊಂಡು, ಇದ್ದರೆ ಪಕ್ಕಕ್ಕೆ ಸರಿಯುತ್ತಿದ್ದರು. ಹುಲ್ಲೂರು ಬಯಲಿನಲ್ಲಿ ಅವನು ಹಾಗೆ ಎಷ್ಟೋ ಹಗಲು ಕೂತಿದ್ದ. ಅಲ್ಲಿನ ಜೀವಗಳ ಮೇಲಿನ ಅಕ್ಕರೆಯೇ ಅವನನ್ನು ಅರಮನೆಗೆ ತಂದಿತ್ತು.

"ಗೋಡೆಯಿಲ್ಲ, ಸೂರಿಲ್ಲ. ಒಡತಿ ಎದ್ದುಹೋದರೆ ಮನೆಯೇ ಕಾಣದು. ಯಾವ ಮನೆ?" ಎಂದಳು ಹೊನ್ನಾಜಿ. ಪಾಳೆಗಾರನ ಮಗ ಇದಕ್ಕೆ ಡೇರೆ ಅಂದಿದ್ದ.

"ಟಿಟ್ಟಿಭ ಹಕ್ಕಿ ಗೂಡು ಕಣವ್ವಾ. ಬರೀ ನೆಲದ ಮ್ಯಾಲೆ ಮೊಟ್ಟೆ ಇಕ್ತದೆ. ತಾಯಿ ಎದ್ರೆ ಕಲ್ಲು ಯಾವ್ದು, ಮೊಟ್ಟೆ ಯಾವ್ದು ತಿಳಿಯಾಕಿಲ್ಲ."

ಅವಳ ಮುಖ ಅರಳಿತು. "ಯಾವ ಅರಸನೂ ಹಾಕಿಸದ ದಾರಿ. ನಡೆಯುವವರು ಇಲ್ಲವಾದರೆ ಹುಲ್ಲು ಮುಚ್ಚಿಹೋಗುತ್ತದೆ. ಯಾವುದು?" ಪಂಡಿತ ಧರ್ಮಮಾರ್ಗ ಅಂದಿದ್ದ.

"ಜಿಂಕೆ ನೀರಿಗೋಗೋ ದಾರಿ. ಅವುಗಳ ಕಾಲಲ್ಲೇ ಸವೆದದ್ದು."

"ಹುಲ್ಲೂರು ಬಯಲು ಬರಿದು ಅಂತಾರೆ. ನಿಜವಾಗಿ ಬರಿದಾಗಿರೋದು ಏನು?"

ಸಿಂಹಾಸನದ ಹಿಂದೆ ರಾಜ್ಯದ ನಕ್ಷೆ ಬರೆದ ಪಟ ತೂಗುತ್ತಿತ್ತು. ಅದರಲ್ಲಿ ಹುಲ್ಲೂರು ಬಯಲೆಂದರೆ ಅಂಗೈಯಗಲದ ಖಾಲಿ ಜಾಗ. ಮೈಲಾರಿಗೆ ಉತ್ತರ ಹೊಳೆಯಿತು, ಹೊಳೆದದ್ದೇ ತಡ ಭಯವಾಯಿತು. ಅರಸನ ಎದುರೇ ಹೇಳಬೇಕಲ್ಲ!

"ನಿಮ್ಮ ಪಟ, ಬುದ್ಧಿ. ಬಯಲಲ್ಲಿ ಕಾಲಿಡಾಕೆ ತಾವಿಲ್ದಂಗೆ ಜೀವ ಅವೆ. ಪಟದಾಗೆ ಒಂದೂ ಇಲ್ಲ."

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು.

"ಸರಿಯುತ್ತರ, ಅಪ್ಪಾಜಿ. ನೀವು ನೋಡದೆ ಬರೆಸಿದ ಪಟ ಅದು," ಎಂದಳು ಮಗಳು. ಕೊಟ್ಟ ಮಾತು ನೆನಪಾಗಿ ಅರಸನ ಕೈ ಹಿಂದಕ್ಕೆ ಬಂತು.

ಮೈಲಾರಿ ಮೊದಲು ಸೆರೆಯವರಿಬ್ಬರನ್ನೂ ಬಿಡಿಸಿದ. ಪಟ್ಟಣವನ್ನು ಪಾಳುಬಿದ್ದ ಹಳೇ ಪೇಟೆಯ ನೆಲದಲ್ಲೇ ಕಟ್ಟಿ ಎಂದ. ಅಲ್ಲೂ ಒಂದು ಹಗಲು ಕೂತು ನೋಡಿದ ಮೇಲೆಯೇ ಎಂದ. ಹೊನ್ನಾಜಿ ಮನಸಾರೆ ಅವನ ಕೈಹಿಡಿದಳು.

ಮದುವೆಯ ಮರುದಿನ ಅರಸ ಮೊದಲ ಸಲ ಬಯಲಿಗೆ ನಡೆದೇ ಹೋದ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಟಿಟ್ಟಿಭವೊಂದು ಚಿಟ್ಟನೆ ಚೀರುತ್ತ ಕಿರೀಟಕ್ಕೇ ಎರಗಿತು. ಅವನಿಗೆ ಹುಟ್ಟಿದಂದಿನಿಂದ ಯಾರೂ ಹಾಗೆ ಬೈದಿರಲಿಲ್ಲ. ಬೂದು ಕಲ್ಲುಗಳ ನಡುವೆ ಕಣ್ಣು ಕಿರಿದಾಗಿಸಿ ನೋಡಿದ. ನಾಲ್ಕು ಮೊಟ್ಟೆ ಕಂಡವು.

ಕಿರೀಟ ತೆಗೆದು ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಸರಿದ. "ಆಯ್ತು ತಾಯಿ, ಬೈಬೇಡ. ನಿನ್ನ ಮನೆ ಅಂತ ಗೊತ್ತಿರಲಿಲ್ಲ."