ಮಡಕೆ ನೆಲಕ್ಕೆ ಬಂತು

ಶಿಷ್ಯ ಕೇಳಿದ: "ಗುರುಗಳೇ, ನಾನು ವಿಶ್ವವಿದ್ಯಾಲಯದಲ್ಲಿ ಓದುತ್ತಿರುವುದು ಮಾನವಶಾಸ್ತ್ರ. ಅದರ ಜೊತೆಗೆ ಭಾಷಾಶಾಸ್ತ್ರವನ್ನೂ ಕಲಿಸುತ್ತಿದ್ದಾರೆ. ಒಂದು ಜನದ ಮಾತನ್ನು ಒಂದು ಪದವೂ ಬಿಡದೆ ಕಲಿತುಬಿಟ್ಟರೆ ಆ ಜನವನ್ನೇ ಅರಿತ ಹಾಗಲ್ಲವೇ?"

ಗುರುಗಳಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಈ ಕತೆ ಹೇಳಿದರು.

ನಿನ್ನ ಹಾಗೇ ಓದುವ ಒಬ್ಬ ವಿದ್ಯಾರ್ಥಿ ಬೆಟ್ಟದ ಹಾಡಿಯೊಂದಕ್ಕೆ ಹೋದ. ಅಲ್ಲಿಯವರು ಹೆಜ್ಜೇನು ಇಳಿಸುವ ಜನ. ಬಂಡೆಯ ನೆತ್ತಿಯಿಂದ ಬಳ್ಳಿಯ ಹಗ್ಗ ಬಿಟ್ಟು, ಅದಕ್ಕೆ ಜೋತು ಜೇನು ಕೊಯ್ಯುತ್ತಾರೆ. ಅವರಲ್ಲಿ ಒಂದು ಕಟ್ಟಳೆ ಉಂಟು. ಬಂಡೆಗೆ ಹೋದವನು ತಿರುಗಿ ಬರುವ ತನಕ ಮನೆಯವರು 'ಬೀಳು' ಎಂಬ ಮಾತನ್ನು ಬಾಯಲ್ಲಿ ತರಕೂಡದು. ತಮ್ಮ ಮಾತಿನಲ್ಲೂ ಕೂಡದು, ಕನ್ನಡದಲ್ಲೂ ಕೂಡದು. ನಮ್ಮಲ್ಲಿ ಬಳೆ ಒಡೆದರೆ ಹೆಚ್ಚಿತು ಎನ್ನುವುದಿಲ್ಲವೇ, ಹಾಗೆ.

ಆ ದಿನ ಒಬ್ಬ ತಾಯಿಯ ಮಗ ಬಂಡೆಗೆ ಹೋಗಿದ್ದ. ವಿದ್ಯಾರ್ಥಿ ಹೋಗಿ ಅವಳ ಜಗಲಿಯಲ್ಲೇ ಕೂತ. ತಿನ್ನುವುದು, ನಡೆಯುವುದು, ಮಲಗುವುದು ಎಲ್ಲಕ್ಕೂ ಅವನಿಗೆ ಪದ ಸಿಕ್ಕಿತ್ತು. ಬೀಳುವುದಕ್ಕೆ ಮಾತ್ರ ಸಿಕ್ಕಿರಲಿಲ್ಲ.

"ಅವ್ವಾ, ಮರದಿಂದ ಹಣ್ಣು ಬಿದ್ದರೆ ನಿಮ್ಮ ಮಾತಲ್ಲಿ ಏನಂತೀರಿ?"

"ಕೆಳಗೆ ಬಂತು ಅಂತೀವಿ."

"ಬಂದದ್ದಲ್ಲವ್ವ, ಬಿದ್ದದ್ದು."

"ಬಿಡ್ತು ಅನ್ನೋ! ಮಗ ಬಂಡೆ ಮೇಲವ್ನೆ. ಉಣ್ಣೋದು ಕೇಳು, ಕುಣಿಯೋದು ಕೇಳು, ಹೇಳ್ತೀನಿ. ಇವತ್ತು ಆ ಮಾತು ಎತ್ತಬ್ಯಾಡ."

ಅವನ ಕಿವಿಗೆ ಬೇಕಾದದ್ದು ಪದ. ಪದವಲ್ಲದ್ದು ಅದರೊಳಗೆ ಇಳಿಯಲಿಲ್ಲ. ಜಗಲಿಯ ಅಂಚಿನಲ್ಲಿ ನೀರಿನ ಮಡಕೆ ಇತ್ತು. ಅದನ್ನು ಕೈಯಿಂದ ನೂಕಿದ. ಮಡಕೆ ಚೂರಾಯಿತು.

"ಈಗ ಹೇಳವ್ವ, ಮಡಕೆಗೆ ಏನಾಯ್ತು?"

ತಾಯಿ ಚೂರುಗಳನ್ನು ನೋಡಿದಳು, ಬಂಡೆಯ ಕಡೆ ನೋಡಿದಳು. ಆದರೂ ನಾಲಿಗೆ ತಪ್ಪಲಿಲ್ಲ. "ಮಡಕೆ ನೆಲಕ್ಕೆ ಬಂತು. ನೀನು ಎದ್ದು ಹೋಗು," ಎಂದಳು. ಹೋಗಿ ಬಾ ಎನ್ನಲಿಲ್ಲ. ಹೋಗು ಎಂದಳು.

ಅವನಿಗೆ ಆ ವ್ಯತ್ಯಾಸವೂ ತಿಳಿಯಲಿಲ್ಲ. ಊರಿಗೆ ಬಂದು ದೊಡ್ಡ ಪ್ರಬಂಧ ಬರೆದ. 'ಈ ಜನರ ಭಾಷೆಯಲ್ಲಿ ಬೀಳುವುದಕ್ಕೆ ಪದವೇ ಇಲ್ಲ. ಬೀಳುವುದಕ್ಕೂ ಬರುವುದಕ್ಕೂ ಭೇದ ಅರಿಯದ ಮುಗ್ಧರು ಇವರು' ಎಂದು ಬರೆದ. ಅವನ ಮೇಷ್ಟ್ರುಗಳು ಓದಿ ತಲೆದೂಗಿದರು. ಶಾಲು ಹೊದಿಸಿದರು. ಹಗ್ಗಕ್ಕೆ ಜೋತು ಬದುಕುವ ಜನಕ್ಕೆ ಬೀಳುವುದು ಗೊತ್ತಿಲ್ಲವಂತೆ! ಬರೆದವನ ಬಾಯಿಗಿಷ್ಟು ಮಣ್ಣು ಹಾಕ, ತಲೆದೂಗಿದವರ ಬಾಯಿಗೂ ಹಾಕ!

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ನಗು ಬಂತು.

"ಎಂಥ ದಡ್ಡ! ಪದ ಇತ್ತು, ಆಕೆ ಆಡಲಿಲ್ಲ, ಅಷ್ಟೇ ತಾನೇ? ನಾನಾಗಿದ್ದರೆ ಒಂದು ದಿನ ತಡೆದು ಕೇಳುತ್ತಿದ್ದೆ. ಅಂದ ಹಾಗೆ ಗುರುಗಳೇ, ಅವರ ಮಾತಿನಲ್ಲಿ ಬೀಳುವುದಕ್ಕೆ ಏನೆನ್ನುತ್ತಾರೆ?"

ಗುರುಗಳು ಹೇಳಿದರು: "ಆ ತಾಯಿಯ ಮಗ ಮನೆಗೆ ಬಂದನೇ ಎಂದು ನೀನೂ ಕೇಳಲಿಲ್ಲ."