ಮರುಮಾತಿನ ಬಂಡೆ

ಕವಳಗೇರಿಯಿಂದ ನೆಲ್ಲಿಹಾಳಕ್ಕೆ ಹೋಗುವ ಕಾಲುದಾರಿಯಲ್ಲಿ, ಎರಡೂ ಊರುಗಳ ಎಲ್ಲೆ ಕೂಡುವಲ್ಲಿ, ಪಡಸಾಲೆಯಷ್ಟು ಅಗಲದ ಚಪ್ಪಟೆ ಬಂಡೆಯೊಂದಿದೆ. ಅದರ ಮಗ್ಗುಲಲ್ಲಿ ಎದೆಯೆತ್ತರದ ವೀರಗಲ್ಲು. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ, ಶಿಕ್ಷಕರ ತರಬೇತಿ ಪಡೆಯುತ್ತಿರುವವರಲ್ಲಿ ಇತಿಹಾಸ ಕಲಿಸಲು ಹೊರಟವರು ಇಲ್ಲಿಗೆ ಬಂದು, ತಮ್ಮ ಮೊದಲ ಪಾಠವನ್ನು ಈ ಬಂಡೆಯ ಮೇಲೆ ನಿಂತು ಹೇಳುತ್ತಾರೆ. ಕೇಳಲು ಎರಡೂ ಊರಿನ ಮಕ್ಕಳು ಬರುತ್ತಾರೆ. ಇದನ್ನು ಮರುಮಾತಿನ ಬಂಡೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಸರಕಾರಿ ಶಾಲೆಗಳು ಇನ್ನೂ ಬಾರದಿದ್ದ ಕಾಲದಲ್ಲಿ, ಕವಳಗೇರಿಯ ಮಠದಲ್ಲಿ ಗುರುಪಾದಯ್ಯ ಎಂಬ ಐಗಳು ಮಕ್ಕಳಿಗೆ ಓದು ಬರಹ ಕಲಿಸುತ್ತಿದ್ದರಂತೆ. ಮರಳಿನ ಮೇಲೆ ಅಕ್ಷರ ತಿದ್ದಿಸುವುದು, ಮಗ್ಗಿ ಹೇಳಿಸುವುದು ಎಲ್ಲ ಐಗಳೂ ಮಾಡುತ್ತಿದ್ದ ಕೆಲಸ. ಗುರುಪಾದಯ್ಯನವರು ಅದರೊಂದಿಗೆ ಊರಿನ ಹಿಂದಿನದನ್ನೂ ಕಲಿಸುತ್ತಿದ್ದರು. ಅದಕ್ಕೆ ಅವರದೇ ಒಂದು ಕ್ರಮವಿತ್ತು. ಯಾವ ಸಂಗತಿಯಾದರೂ ಅದು ಕಂಡದ್ದೋ ಕೇಳಿದ್ದೋ ಎಂದು ಮೊದಲೇ ಹೇಳಬೇಕು. ಮುಗಿಸಿದ ಮೇಲೆ "ಹಿಂಗಲ್ಲ ಅನ್ನಾವರು ಅದೀರೇನು?" ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನೆ ಕಾಯಬೇಕು. ತಮ್ಮ ನಂತರ ಪಾಠಕ್ಕೆ ನಿಲ್ಲಬೇಕಾಗಿದ್ದ ಮಗ ಅಡವಯ್ಯನಿಗೂ ಅವರು ಇದನ್ನೇ ಕಲಿಸಿದ್ದರು. ಆದರೆ ಕೂತು ಕೇಳುವವರೆಲ್ಲ ಕವಳಗೇರಿಯವರೇ. ಹೀಗಲ್ಲ ಎಂದವರು ಒಬ್ಬರೂ ಇರಲಿಲ್ಲ. ಪಾಠ ಸರಿಯಾಗಿದೆ ಎಂಬುದಕ್ಕೆ ಐಗಳು ಅದನ್ನೇ ಗುರುತು ಎಂದುಕೊಂಡಿದ್ದರು.

ಒಂದು ವರ್ಷ ಉತ್ತರೆ ಮಳೆ ಹಿಡಿದದ್ದು ಬಿಡಲಿಲ್ಲ. ಕವಳಗೇರಿಯ ಕೆರೆ ತುಂಬಿ, ಊರ ಕಡೆಯ ಪಡುವಣ ಏರಿ ಕುಸಿಯುವಂತಾಯಿತು. ಆ ಸಂಜೆ ನೆಲ್ಲಿಹಾಳದ ಕಡೆಯ ಮೂಡಣ ಏರಿ ಒಡೆದು ನೀರೆಲ್ಲ ಅತ್ತ ನುಗ್ಗಿತು. ಕವಳಗೇರಿ ಉಳಿಯಿತು, ನೆಲ್ಲಿಹಾಳದ ಕೆಳಗೇರಿ ಕೊಚ್ಚಿಹೋಯಿತು. ಏರಿಯ ಮೇಲಿದ್ದ ಅಡವಯ್ಯ ಮನೆಗೆ ಬರಲಿಲ್ಲ. ನೆಲ್ಲಿಹಾಳದವರು ಪಡುವಣ ಏರಿ ಕಡಿಯಲು ಬಂದರೆಂದೂ, ಅಡವಯ್ಯ ಕತ್ತಿ ಹಿಡಿದು ಅವರನ್ನು ತಡೆದನೆಂದೂ, ಆ ಗದ್ದಲದಲ್ಲಿ ಮೂಡಣ ಏರಿ ತಾನಾಗಿ ಒಡೆಯಿತೆಂದೂ ಊರ ಗೌಡ ಹೇಳಿದ. ಯಾರು ಕಂಡರು ಎಂದು ಐಗಳು ಕೇಳಲಿಲ್ಲ. ಬೇರೆ ಯಾವ ಸಂಗತಿಯಾಗಿದ್ದರೂ ಕೇಳುತ್ತಿದ್ದರು.

ಮಗನಿಲ್ಲದ ಮನೆಯಲ್ಲಿ ಅವರು ಸೊಸೆ ಬಸಲಿಂಗಮ್ಮನನ್ನು ಪಾಠಕ್ಕೆ ತಯಾರು ಮಾಡತೊಡಗಿದರು. ಹೆಂಗಸು ಐಗಳಾದರೆ ಕೋಳಿಗಳೂ ಮಗ್ಗಿ ಕಲಿತಾವೆಂದು ಕಟ್ಟೆಯ ಮೇಲೆ ಕೂತವರು ನಗೆಯಾಡಿದರು. ಆಕೆ ತಲೆ ತಗ್ಗಿಸಿ ಕಲಿತಳು. ಅಡವಯ್ಯನ ಕಥೆಯನ್ನು ಮಾವ ಹೇಳಿಕೊಟ್ಟಂತೆಯೇ ಒಪ್ಪಿಸಿದಳು. ಬೇರೆ ಹೊತ್ತಿನಲ್ಲಿ ಅವರು ಮಗನ ಹೆಸರೆತ್ತುತ್ತಿರಲಿಲ್ಲ. ಆ ಕಥೆಯ ಪಾಠವಾದ ದಿನ ಮಾತ್ರ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದರು.

ಅಷ್ಟರಲ್ಲಿ ಗೌಡ ವೀರಗಲ್ಲು ಮಾಡಿಸಿದ. ನೆಲ್ಲಿಹಾಳದವರು ಅದರ ಮುಂದೆ ತಲೆ ತಗ್ಗಿಸಿ ನಡೆಯಲಿ ಎಂದು ಊರೊಳಗೆ ನಿಲ್ಲಿಸದೆ ಎಲ್ಲೆಯ ಬಂಡೆಯ ಪಕ್ಕದಲ್ಲೇ ನೆಡಿಸಿದ. ಕೆಳಗಿನ ಅಂಕಣದಲ್ಲಿ ಕತ್ತಿ ಎತ್ತಿದ ಅಡವಯ್ಯನನ್ನು ಕೆತ್ತಿ ಮುಗಿದಿತ್ತು. ಮೇಲಿನ ಎರಡು ಅಂಕಣಗಳಲ್ಲಿ ಸ್ವರ್ಗವೂ ಕೈಲಾಸವೂ ಬರಬೇಕಿತ್ತು. ಕಲ್ಲು ನಿಂತ ದಿನವೇ ಬಸಲಿಂಗಮ್ಮನ ಮೊದಲ ಪಾಠ. ಆಕೆ ಬಂಡೆಯ ಮೇಲೆ ನಿಂತು ಗಂಡನ ಕಥೆ ಹೇಳಿದಳು. ಐಗಳು ಮಕ್ಕಳ ನಡುವೆ ಕೂತು ಕೇಳಿದರು, ಗೌಡನೂ ಊರವರೂ ಸುತ್ತ ನಿಂತಿದ್ದರು. ಕೊನೆಯಲ್ಲಿ ವಾಡಿಕೆಯಂತೆ ಆಕೆ ಹೀಗಲ್ಲ ಎನ್ನುವವರುಂಟೇ ಎಂದು ಕೇಳಿ ಕಾದಳು.

"ಹಿಂಗಲ್ಲ" ಎಂಬ ದನಿ ದಾರಿಯ ಕಡೆಯಿಂದ ಬಂತು.

ನೆಲ್ಲಿಹಾಳದ ದ್ಯಾಮವ್ವ, ತಂಗಿಯ ಮನೆಗೆ ಬುತ್ತಿ ಹೊತ್ತು ಹೊರಟವಳು, ಅಲ್ಲಿ ನಿಂತಿದ್ದಳು. "ಬುತ್ತಿ ಹೊತ್ತಾಕಿಗೆ ನಮ್ಮೂರ ಉಸಾಬರಿ ಯಾಕ? ನಡಿ, ರೊಟ್ಟಿ ಆರ್ತಾವು" ಎಂದ ಗೌಡ. "ಹಿಂಗಲ್ಲ ಅನ್ನಾವರು ಅದೀರೇನಂತ ಕೇಳಿದವರು ನೀವ ಅಲ್ಲೇನ್ರಿ ಗೌಡ್ರ?" ಎಂದು ಆಕೆ ಬುತ್ತಿ ಇಳಿಸಿದಳು.

ಐಗಳು ಅಭ್ಯಾಸಬಲದಿಂದ ಕೇಳಿಬಿಟ್ಟರು: "ಕಂಡದ್ದೋ, ಕೇಳಿದ್ದೋ?"

"ಕಂಡದ್ದರಿ, ಐನೋರ. ನಿಮ್ಮ ಮಗ ಮೂಡಣ ಏರಿ ಕಡೀತಿದ್ದ. ಕೂಗಿದೆ. ಮಳಿಯೊಳಗ ಕೇಳಿಸಿರಲಿಕ್ಕಿಲ್ಲ. ನನ್ನ ಎರಡು ಮಕ್ಕಳು ಕೆಳಗ ಮನ್ಯಾಗಿದ್ದವು."

ಸುಳ್ಳು ಎಂದು ಐಗಳು ಒಂದು ಮಾತು ಅಂದಿದ್ದರೆ ಸಾಕಿತ್ತು, ಇಡೀ ಕವಳಗೇರಿ ತಲೆಯಾಡಿಸುತ್ತಿತ್ತು. ಮಗ ಉಳಿದಿದ್ದುದು ಆ ಕಲ್ಲಿನಲ್ಲಿ, ಆ ಕಥೆಯಲ್ಲಿ ಮಾತ್ರ. ಅವರು ಬಹಳ ಹೊತ್ತು ಕತ್ತಿ ಎತ್ತಿದ ಆ ಕೈಯನ್ನೇ ನೋಡಿದರಂತೆ. ಆಮೇಲೆ ಸೊಸೆಯ ಕಡೆ ತಿರುಗಿ, ನೀನು ಹೇಳಿದ್ದು ಕಂಡದ್ದೋ ಕೇಳಿದ್ದೋ ಎಂದು ಕೇಳಿದರು.

"ಎರಡೂ ಅಲ್ಲರಿ, ಮಾವಾರ. ನೀವು ಕಲಿಸಿದ್ದು" ಎಂದಳು ಬಸಲಿಂಗಮ್ಮ. "ಕತ್ತಿ ನಮ್ಮ ಮನ್ಯಾಗ ಎಂದೂ ಇರಲಿಲ್ಲ. ಅವತ್ತು ಅವರ ಕೈಗೆ ಗುದ್ದಲಿ ಕೊಟ್ಟಾಕಿ ನಾನು."

ಐಗಳು ಎದ್ದು ದ್ಯಾಮವ್ವನನ್ನು ಬಂಡೆಯ ಮೇಲೆ ಸೊಸೆಯ ಪಕ್ಕದಲ್ಲಿ ನಿಲ್ಲಿಸಿದರು. "ಮೊದಲಿಂದ ಹೇಳವ್ವ" ಎಂದು ಬಸಲಿಂಗಮ್ಮನಿಗೆ ಹೇಳಿ, ಮತ್ತೆ ಮಕ್ಕಳ ನಡುವೆ ಕೂತರು. ಗೌಡ ಸಿಟ್ಟಿನಿಂದ ಎದ್ದುಹೋದ, ಅವನ ಹಿಂದೆ ಹಲವರು ಹೋದರು. ಮಕ್ಕಳು ಉಳಿದರು. ಪಾಠ ಮುಗಿದ ಮೇಲೆ ಐಗಳು ಕಲ್ಲುಕುಟಿಗನನ್ನು ಕರೆದು, ಮೇಲೇನೂ ಕೆತ್ತುವುದು ಬೇಡ, ಕೆಳಗಿರುವುದನ್ನು ತಿದ್ದು ಎಂದರಂತೆ. ಮುಂದಿನ ವರ್ಷದಿಂದ ಆ ಪಾಠಕ್ಕೆ ಎರಡೂ ಊರಿನ ಮಕ್ಕಳು ಕೂತರು. ಬಸಲಿಂಗಮ್ಮ ಮುಪ್ಪಿನವರೆಗೂ ಅದನ್ನು ಹೇಳಿದಳು, ತನ್ನ ಹಿಂದೆ ಹೇಳುವವರನ್ನೂ ತಯಾರು ಮಾಡಿದಳು.

ಇಂದಿಗೂ ಆ ಕಲ್ಲಿನ ಮೇಲಿನ ಎರಡು ಅಂಕಣಗಳು ಖಾಲಿಯಾಗಿಯೇ ಇವೆ. ಕೆಳಗೆ ಯುವಕನ ಕೈಯಲ್ಲಿ ಗುದ್ದಲಿಯಿದೆ. ಸಂಜೆಯ ಓರೆ ಬಿಸಿಲಿನಲ್ಲಿ ಅದರ ಮೇಲ್ಗಡೆ, ಕೆತ್ತಿ ತೆಗೆದ ಕತ್ತಿಯ ಗೀರು ಕಾಣುತ್ತದೆ. ಮೊದಲ ಪಾಠ ಹೇಳುವವರು ಮುಗಿಸಿದ ಮೇಲೆ ಆ ಹಳೆಯ ಪ್ರಶ್ನೆಯನ್ನೇ ಕೇಳಿ, ದಾರಿಯ ಕಡೆ ಮುಖ ಮಾಡಿ ಕಾಯುತ್ತಾರೆ. ಕಲ್ಲಿನ ಬುಡದಲ್ಲಿ, ಅಡವಯ್ಯನ ಹೆಸರಿನ ಪಕ್ಕದಲ್ಲಿ, ದ್ಯಾಮವ್ವನ ಮಕ್ಕಳಾದ ಮಲ್ಲ, ಕೆಂಚಿಯರ ಹೆಸರುಗಳೂ ಇವೆ. ಅಕ್ಷರಗಳು ಸಣ್ಣವು, ನೆಲಕ್ಕೆ ಹತ್ತಿರ. ಅವನ್ನು ಓದಬೇಕೆಂದರೆ, ಯಾವ ಊರಿನವರೇ ಆಗಲಿ, ತಲೆ ತಗ್ಗಿಸಲೇಬೇಕು.